ಬೂದಿಗಿಂತ ನನಗೆ ಆ ಎರಡು ಬಕೆಟ್ ನೀರಿನದೇ ಚಿಂತೆ

ಓದುಗರ ಪ್ರಶ್ನೆ: ನಮ್ಮದು ಚಿಕ್ಕಮಗಳೂರು. ಊರ ಹೊರಗೆ ಒಂದು ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದೇವೆ. ಕೆಳಗೆ ಊಟದ ಹಾಲ್, ಮೇಲೆ ಮದುವೆ ಹಾಲ್, ಅದರ ಮೇಲೆ ರೂಮುಗಳು. ಹಾಲ್ ನಡುವೆ ಪಿಲ್ಲರ್ ಬರಬಾರದು, ಬದಿಯ ಪಿಲ್ಲರ್‌ಗಳೂ ದಪ್ಪ ಆಗಬಾರದು ಅಂತ ನಾವೇ ಹಠ ಮಾಡಿದೆವು. ಹಾಗಾಗಿ ಎಂಜಿನಿಯರ್ ಕೆಳಗಿನ 8 ಪಿಲ್ಲರ್‌ಗೆ ಎಂ60 ಕಾಂಕ್ರೀಟ್ ಬರೆದರು, ಅಂದರೆ 28 ದಿನಕ್ಕೆ ಚದರ ಮಿಲಿಮೀಟರ್‌ಗೆ 60 ನ್ಯೂಟನ್ ಬಲ ಬರಬೇಕಾದದ್ದು. ಡಿಸೆಂಬರ್ ಮೊದಲ ವಾರ 4 ಘನ ಮೀಟರ್‌ನ ಎರಡು ರೆಡಿಮಿಕ್ಸ್ ಗಾಡಿ ತರಿಸಿದೆವು. ಪ್ಲಾಂಟ್‌ನವರ ಚೀಟಿಯಲ್ಲಿ ಒಂದು ಘನ ಮೀಟರ್‌ಗೆ ಸಿಮೆಂಟ್ 340 ಕೆ.ಜಿ., ಜಿಜಿಬಿಎಸ್ 140, ಮೈಕ್ರೋಸಿಲಿಕಾ 30, ನೀರು 148 ಲೀಟರ್ ಅಂತಿದೆ. ಕಾಂಕ್ರೀಟ್ ಬೆಲ್ಲದ ಪಾಕದ ಹಾಗೆ ಅಂಟಂಟಾಗಿತ್ತು. ಎರಡನೇ ಗಾಡಿ ಸರಿಯಾಗಿ ಇಳಿಯಲಿಲ್ಲ ಅಂತ ಮೇಸ್ತ್ರಿ ಎರಡು ಬಕೆಟ್ ನೀರು ಹಾಕಿಸಿದರು. ಒಡೆದು ಬಲ ನೋಡುವ ಕಾಂಕ್ರೀಟ್ ಕ್ಯೂಬ್ ತೆಗೆದದ್ದು ಮೊದಲ ಗಾಡಿಯಿಂದ, ಒಟ್ಟು 6. ಸೈಟ್‌ನಲ್ಲೇ ಡ್ರಮ್ಮಿನ ನೀರಿನಲ್ಲಿ ಇಟ್ಟಿದ್ದೆವು. 7ನೇ ದಿನ ಮೂರನ್ನು ಒಡೆಸಿದಾಗ ಸರಾಸರಿ 36.8 ಬಂತು. 40 ಆದರೂ ಬರಬೇಕಿತ್ತು ಅಂತಾರೆ. ಅಚ್ಚಿನ ಶೀಟ್ ಬಿಚ್ಚಿದಾಗ ಪಿಲ್ಲರ್ ಅಲ್ಲಲ್ಲಿ ನೀಲಿ-ಹಸಿರು ಬಣ್ಣ ಇತ್ತು. 'ಸಿಮೆಂಟ್ ಉಳಿಸೋಕೆ ಬೂದಿ ಕಲಬೆರಕೆ ಮಾಡಿದ್ದಾರೆ, ಒಡೆದು ಹೊಸದಾಗಿ ಹಾಕಿಸಿ' ಅಂತ ಮೇಸ್ತ್ರಿ ಹೇಳುತ್ತಿದ್ದಾರೆ. ಇವತ್ತಿಗೆ 11 ದಿನ ಆಯಿತು. ನಮಗೆ ನಿದ್ದೆ ಬರುತ್ತಿಲ್ಲ. ಏನು ಮಾಡಬೇಕು?

ಉತ್ತರ: ಇವತ್ತು ಪಿಲ್ಲರ್ ಒಡೆಯಬೇಡಿ. 11ನೇ ದಿನಕ್ಕೆ ಒಡೆಯುವ ತೀರ್ಮಾನ ಮಾಡುವಷ್ಟು ಆಧಾರ ನಿಮ್ಮ ಕೈಯಲ್ಲಿ ಇಲ್ಲ. ಹಾಗಂತ ಏನೂ ಆಗಿಲ್ಲ ಅಂತ ಧೈರ್ಯ ಹೇಳಿ ಕಳಿಸುವಷ್ಟು ಆಧಾರ ನನ್ನ ಹತ್ತಿರವೂ ಇಲ್ಲ. ಈ ಎರಡರ ನಡುವೆ ಮಾಡುವ ಕೆಲಸ ಬಹಳ ಇದೆ. ಕೆಲವನ್ನು ನಾಳೆ ಬೆಳಿಗ್ಗೆಯೇ ಮಾಡಬೇಕು.

ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ನೀವು ಹೆದರಿರುವುದು ಚೀಟಿಯಲ್ಲಿರುವ 140 ಮತ್ತು 30 ಅನ್ನುವ ಅಂಕಿಗಳಿಗೆ. ನನಗೆ ಹೆದರಿಕೆ ಆಗಿದ್ದು ನೀವು ನಡುವೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಆ ಎರಡು ಬಕೆಟ್‌ಗೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬೂದಿಯ ವಿಷಯ ಮುಗಿಸೋಣ.

ಮೇಸ್ತ್ರಿ ಹೇಳುವ 'ಬೂದಿ' ನಿಮ್ಮ ಚೀಟಿಯಲ್ಲಿ ಎಲ್ಲೂ ಇಲ್ಲ. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದಲ್ಲಿ, ಅಂದರೆ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ ಅಂಥ ಕಡೆ, ಹೊಗೆಯ ಜೊತೆ ಹಾರಿ ಬರುವುದು ಹಾರುಬೂದಿ. ನಿಮ್ಮ ಚೀಟಿಯಲ್ಲಿರುವ ಜಿಜಿಬಿಎಸ್ ಬೇರೆ. ಕಬ್ಬಿಣದ ಅದಿರು ಕರಗಿಸುವ ಊದುಕುಲುಮೆಯಲ್ಲಿ ಕಬ್ಬಿಣದ ಮೇಲೆ ತೇಲುವ ಕಿಟ್ಟ ಅದು. ನಾವು ಸ್ಲ್ಯಾಗ್ ಅನ್ನುತ್ತೇವೆ. ಕೆಂಪಗೆ ಕಾದ ಕಿಟ್ಟಕ್ಕೆ ರಭಸವಾಗಿ ನೀರು ಹಾಯಿಸಿ ಒಮ್ಮೆಲೇ ತಣ್ಣಗೆ ಮಾಡಿದರೆ ಅದು ಗಾಜಿನ ಹಾಗೆ ಆಗುತ್ತದೆ. ಅದನ್ನು ಸಿಮೆಂಟ್‌ಗಿಂತ ನುಣ್ಣಗೆ ಬೀಸಿದರೆ ಜಿಜಿಬಿಎಸ್. ತಾನಾಗಿ ನಿಧಾನಕ್ಕೆ ಆರಿದ ಕಿಟ್ಟ ಜಲ್ಲಿಗೆ ಸಮ, ಅದರಿಂದ ಇಲ್ಲಿ ಪ್ರಯೋಜನ ಇಲ್ಲ. ಮೈಕ್ರೋಸಿಲಿಕಾ ಅನ್ನುವುದು ಸಿಲಿಕಾನ್, ಫೆರೋಸಿಲಿಕಾನ್ ತಯಾರಿಸುವ ವಿದ್ಯುತ್ ಕುಲುಮೆಯ ಹೊಗೆಯಲ್ಲಿ ಹಿಡಿದ ಪುಡಿ. ಅದರ ಕಣ ಸಿಮೆಂಟ್ ಕಣದ ನೂರನೇ ಒಂದು ಪಾಲಿನಷ್ಟು ಚಿಕ್ಕದು. ಕೆ.ಜಿ. ಲೆಕ್ಕದಲ್ಲಿ ಅದು ಸಿಮೆಂಟ್‌ಗಿಂತ ಬಹಳ ದುಬಾರಿ. ದುಡ್ಡು ಉಳಿಸುವವರು ಮುಟ್ಟುವ ಸಾಮಾನಲ್ಲ.

ಈ ಮೂರಕ್ಕೂ ನಮ್ಮ ದೇಶದಲ್ಲಿ ಬೇರೆ ಬೇರೆ ಮಾನಕ ಇದೆ. ಹಾರುಬೂದಿಗೆ ಐಎಸ್ 3812, ಸ್ಲ್ಯಾಗ್‌ಗೆ ಐಎಸ್ 16714, ಮೈಕ್ರೋಸಿಲಿಕಾಕ್ಕೆ ಐಎಸ್ 15388. ಅಂಗಡಿಯಲ್ಲಿ ಪಿಪಿಸಿ ಅಂತ ಸಿಗುವ ಸಿಮೆಂಟ್ ಮೂಟೆಯಲ್ಲೇ ನೂರಕ್ಕೆ 15ರಿಂದ 35ರಷ್ಟು ಹಾರುಬೂದಿ ಇರುತ್ತದೆ. ಮೂಟೆಯ ಮೇಲೆ ಬರೆದೂ ಇರುತ್ತದೆ. ನಿಮ್ಮ ಮೇಸ್ತ್ರಿ ಎಷ್ಟೋ ವರ್ಷದಿಂದ ಅದರಲ್ಲೇ ಮನೆ ಕಟ್ಟಿರಬಹುದು. ಅವರ ಮೇಲೆ ಬೇಸರ ಬೇಡ. ಕಣ್ಣಿಗೆ ಬೂದಿ ಕಂಡರೆ ಅನುಮಾನ ಬರುವುದು ಸಹಜ, ಅಲ್ವಾ?

ಇನ್ನೂ ಹಳೆಯ ಕಥೆ ನೋಡಿದರೆ ನಮ್ಮ ಹಿರಿಯರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತಿತ್ತು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆ. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ನುಣ್ಣನೆ ಪುಡಿ. ಅದನ್ನು ಸುಣ್ಣದ ಜೊತೆ ಅರೆದರೆ ನೀರಿನೊಳಗೂ ಗಟ್ಟಿಯಾಗುವ ಗಾರೆ ಸಿಗುತ್ತದೆ. ನಿಮ್ಮ ಪಿಲ್ಲರ್ ಒಳಗೆ ಈಗ ನಡೆಯುತ್ತಿರುವುದೂ ಅದೇ ಕೆಲಸ. ಸುಣ್ಣ ಮಾತ್ರ ಹೊರಗಿಂದ ಬಂದಿಲ್ಲ, ಸಿಮೆಂಟ್‌ನಿಂದಲೇ ಹುಟ್ಟಿದೆ.

ಅದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ಇದು ಗೊತ್ತಾದರೆ 36.8 ಅನ್ನುವ ಅಂಕಿಯನ್ನು ನೀವೇ ಓದಬಹುದು.

ಸಿಮೆಂಟ್‌ಗೆ ನೀರು ತಾಗಿದಾಗ ಎರಡು ವಸ್ತು ಹುಟ್ಟುತ್ತವೆ. ಒಂದು ಅಂಟು. ಜಲ್ಲಿ, ಮರಳನ್ನು ಹಿಡಿದುಕೊಳ್ಳುವುದು ಅದೇ. ಇನ್ನೊಂದು ಸುಣ್ಣ. ಗಟ್ಟಿಯಾದ ಸಿಮೆಂಟ್‌ನಲ್ಲಿ ಸುಮಾರು ಕಾಲು ಪಾಲಿನವರೆಗೂ ಈ ಸುಣ್ಣ ಇರುತ್ತದೆ. ಕಂಬಿಗೆ ತುಕ್ಕು ಬರದಂತೆ ಅದು ಕಾಯುತ್ತದೆ, ಬಲಕ್ಕೆ ಮಾತ್ರ ಹೆಚ್ಚು ಪ್ರಯೋಜನ ಇಲ್ಲ. ಅದರ ಹರಳುಗಳು ಹೋಗಿ ಸೇರಿಕೊಳ್ಳುವುದು ಜಲ್ಲಿಕಲ್ಲಿನ ಮೈ ಸುತ್ತ, ಕೂದಲಿಗಿಂತ ತೆಳ್ಳಗಿನ ಒಂದು ಪದರದಲ್ಲಿ. ಎಂ20, ಎಂ25 ಕಾಂಕ್ರೀಟಿನಲ್ಲಿ ಈ ಪದರದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಂ60ಕ್ಕೆ ಬಂದರೆ ಬಿರುಕು ಮೊದಲು ಶುರುವಾಗುವುದೇ ಅಲ್ಲಿ.

ಸ್ಲ್ಯಾಗ್, ಹಾರುಬೂದಿ, ಮೈಕ್ರೋಸಿಲಿಕಾ ಈ ಸುಣ್ಣವನ್ನು ಹಿಡಿದು ಮತ್ತೆ ಅಂಟನ್ನಾಗಿ ಮಾಡುತ್ತವೆ. ಜೊತೆಗೆ ಸಂದು ತುಂಬುತ್ತವೆ. ನಿಮಗೆ ತೋಟದ ಲೆಕ್ಕದಲ್ಲೇ ಹೇಳುವುದಾದರೆ, ಒಂದು ಮೂಟೆ ಕಾಫಿ ಬೀಜ ತುಂಬಿದ ಮೇಲೂ ಸಂದಿ ಇರುತ್ತದೆ. ಆ ಸಂದಿಗೆ ಕಾಳುಮೆಣಸು ಇಳಿಯುತ್ತದೆ. ಮೆಣಸಿನ ಸಂದಿಗೆ ಸಾಸಿವೆ ಇಳಿಯುತ್ತದೆ. ಮೈಕ್ರೋಸಿಲಿಕಾ ನಿಮ್ಮ ಕಾಂಕ್ರೀಟಿನ ಸಾಸಿವೆ. ಅದು ಜಲ್ಲಿಯ ಮೈಗೇ ಹೋಗಿ ಕೂರುತ್ತದೆ. ಅದಕ್ಕೇ ನೂರಕ್ಕೆ 6ರಷ್ಟು ಹಾಕಿದರೂ ಅಷ್ಟು ಕೆಲಸ ಮಾಡುತ್ತದೆ.

'ಎಲ್ಲಾ ಸಿಮೆಂಟೇ ಹಾಕಿದ್ದರೆ ಇನ್ನೂ ಗಟ್ಟಿ ಆಗುತ್ತಿತ್ತಲ್ಲ' ಅಂತ ನೀವು ಕೇಳಬಹುದು. ಇದನ್ನು ನಂಬಿದವರು ಬಹಳ ಜನ. ನಿಮ್ಮ ಚೀಟಿಯ ಮೂರು ಪುಡಿ ಸೇರಿದರೆ 510 ಕೆ.ಜಿ. ಅಷ್ಟನ್ನೂ ಸಿಮೆಂಟ್ ಮಾಡಿದರೆ ಮಾನಕವೇ ಒಪ್ಪುವುದಿಲ್ಲ. ವಿಶೇಷ ಎಚ್ಚರಿಕೆ ತೆಗೆದುಕೊಳ್ಳದೆ ಒಂದು ಘನ ಮೀಟರ್‌ಗೆ 450 ಕೆ.ಜಿ.ಗಿಂತ ಜಾಸ್ತಿ ಸಿಮೆಂಟ್ ಬಳಸಬಾರದು ಅಂತ ಕಾಂಕ್ರೀಟ್ ಕೆಲಸದ ಮಾನಕ ಐಎಸ್ 456 ಹೇಳುತ್ತದೆ. ಸಿಮೆಂಟ್ ಜಾಸ್ತಿಯಾದಷ್ಟೂ ಒಳಗೆ ಬಿಸಿ ಜಾಸ್ತಿ, ಕುಗ್ಗುವಿಕೆ ಜಾಸ್ತಿ, ಬಿರುಕು ಜಾಸ್ತಿ. ಒಳಗೆ ಬಿಸಿ, ಹೊರಗೆ ಡಿಸೆಂಬರ್ ರಾತ್ರಿಯ ಚಳಿ. ಪಿಲ್ಲರ್ ಮೈ ಬಿರಿಯುವುದಕ್ಕೆ ಇನ್ನೇನು ಬೇಕು? ಹಾಗಾಗಿ ಎಂ60ರಲ್ಲಿ ಸ್ಲ್ಯಾಗ್, ಮೈಕ್ರೋಸಿಲಿಕಾ ಇರುವುದು ಒಳ್ಳೆಯ ಡಿಸೈನ್‌ನ ಗುರುತು. ನನಗೆ ಬರೆಯಲು ಹೇಳಿದ್ದರೂ ಹೆಚ್ಚುಕಡಿಮೆ ಇಂಥದ್ದೇ ಚೀಟಿ ಬರೆಯುತ್ತಿದ್ದೆ.

ನೀಲಿ-ಹಸಿರು ಬಣ್ಣದ ಬಗ್ಗೆ ಸುಮ್ನೆ ಚಿಂತೆ ಬೇಡ. ಸ್ಲ್ಯಾಗ್ ಇರುವ ಕಾಂಕ್ರೀಟ್ ಗಾಳಿ ಸೋಕುವ ಮೊದಲು ಹಾಗೇ ಇರುತ್ತದೆ. ಗಂಧಕದ ಅಂಶದಿಂದ ಬರುವ ಬಣ್ಣ ಅದು. ಗಾಳಿ ತಾಗುತ್ತಾ ಹೋದಂತೆ ಮಾಸಿ ಬೂದು ಬಣ್ಣಕ್ಕೆ ತಿರುಗುತ್ತದೆ. ಅಂಟಂಟಾಗಿ ಇದ್ದದ್ದೂ ತಪ್ಪಲ್ಲ. ಮೈಕ್ರೋಸಿಲಿಕಾ ಇದ್ದರೆ ಕಾಂಕ್ರೀಟ್ ಹಾಗೇ ಎಳೆಯುತ್ತದೆ, ಮೇಲೆ ನೀರೂ ಕಕ್ಕುವುದಿಲ್ಲ.

ಈಗ 36.8ರ ವಿಷಯ. 7 ದಿನಕ್ಕೆ ಮೂರನೇ ಎರಡು ಪಾಲು ಬರಬೇಕು ಅನ್ನುವುದು ಬರೀ ಸಿಮೆಂಟ್‌ನ ಕಾಂಕ್ರೀಟಿನಿಂದ ಬಂದ ರೂಢಿಯ ಲೆಕ್ಕ. 60ರ ಮೂರನೇ ಎರಡು 40. ಸ್ಲ್ಯಾಗ್ ಇರುವಾಗ ಆ ಲೆಕ್ಕ ಹಾಗೇ ಹೊಂದುವುದಿಲ್ಲ. ಸ್ಲ್ಯಾಗ್ ಕೆಲಸ ಶುರು ಮಾಡಬೇಕಾದರೆ ಮೊದಲು ಸಿಮೆಂಟ್‌ನಿಂದ ಸುಣ್ಣ ಬರಬೇಕು. ಅದಕ್ಕೆ ದಿನ ಹಿಡಿಯುತ್ತದೆ. ಮೈಕ್ರೋಸಿಲಿಕಾ ಬೇಗ ಎದ್ದೇಳುತ್ತದೆ, ಸ್ಲ್ಯಾಗ್ ನಿಧಾನ, ಹಾರುಬೂದಿ ಇನ್ನೂ ನಿಧಾನ. ಚಳಿ ಇದ್ದರೆ ಮೂರೂ ಇನ್ನಷ್ಟು ನಿಧಾನ.

ಇಲ್ಲೇ ನಿಮ್ಮ ಡ್ರಮ್ಮಿನ ಮಾತು ಬರುತ್ತದೆ. ಕ್ಯೂಬ್ ಇಡುವ ನೀರು 27 ಡಿಗ್ರಿ ಇರಬೇಕು, ಎರಡು ಡಿಗ್ರಿ ಆಚೀಚೆ ನಡೆಯುತ್ತದೆ. ಸಾವಿರ ಮೀಟರ್‌ಗಿಂತ ಎತ್ತರದ ಊರು ನಿಮ್ಮದು. ಡಿಸೆಂಬರ್‌ನಲ್ಲಿ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಬಯಲಲ್ಲಿಟ್ಟ ಡ್ರಮ್ಮಿನ ನೀರು ಹಗಲೂ ಪೂರ್ತಿ ಬಿಸಿಯಾಗುವುದಿಲ್ಲ. ನಿಮ್ಮ ಕ್ಯೂಬ್‌ಗಳು ಏಳು ದಿನ ಚಳಿಯಲ್ಲಿ ಕೂತಿದ್ದವು. ಪಿಲ್ಲರ್ ಹಾಗಲ್ಲ. ಅದರ ಮೈ ದೊಡ್ಡದು, ಒಳಗಿನ ಬಿಸಿ ಒಂದೆರಡು ದಿನವಾದರೂ ಉಳಿಯುತ್ತದೆ. ಆದ್ದರಿಂದ ಪಿಲ್ಲರ್‌ನ ನಿಜವಾದ ಬಲ ಕ್ಯೂಬ್‌ಗಿಂತ ಚೆನ್ನಾಗಿರುವ ಸಾಧ್ಯತೆ ಇದೆ. ಆದರೆ ಸಾಧ್ಯತೆಯನ್ನು ನಂಬಿ ಕಲ್ಯಾಣ ಮಂಟಪ ನಿಲ್ಲಿಸಲು ಆಗುವುದಿಲ್ಲ. ಮದುವೆ ದಿನ ಆ ಪಿಲ್ಲರ್‌ಗಳ ಮೇಲೆ ನೂರಾರು ಜನ ಇರುತ್ತಾರೆ.

ಲೆಕ್ಕ ನೋಡೋಣ. ಇಂಥ ಮಿಶ್ರಣದಲ್ಲಿ, ಇಂಥ ಚಳಿಯಲ್ಲಿ 7ನೇ ದಿನದ ಬಲ 28ನೇ ದಿನದ್ದರ ನೂರಕ್ಕೆ 55ರಿಂದ 65ರಷ್ಟು ಇರಬಹುದು ಅಂತ ಹಿಡಿಯುತ್ತೇನೆ. ಹಾಗೆ ಹಿಡಿದರೆ ನಿಮ್ಮ 28ನೇ ದಿನದ ಅಂಕಿ 57ರಿಂದ 67ರ ಒಳಗೆ ಎಲ್ಲಾದರೂ ಬೀಳಬಹುದು. ಬೇಕಾಗಿರುವುದು ಎಷ್ಟು? ನಿಮ್ಮಂತೆ ಕಡಿಮೆ ಕಾಂಕ್ರೀಟ್, ನಾಲ್ಕಕ್ಕಿಂತ ಕಡಿಮೆ ಸ್ಯಾಂಪಲ್ ಇರುವಾಗ ಸರಾಸರಿ 60ಕ್ಕಿಂತ 4 ಜಾಸ್ತಿ ಇರಬೇಕು, ಅಂದರೆ 64. ಅದಕ್ಕೇ ನಾನು ಎದೆ ತಟ್ಟಿ ಏನೂ ಹೇಳುತ್ತಿಲ್ಲ. ಪಾಸ್ ಆಗಬಹುದು, ಸ್ವಲ್ಪದರಲ್ಲಿ ತಪ್ಪಲೂಬಹುದು.

ಈಗ ಬಕೆಟ್‌ಗೆ ಬರುತ್ತೇನೆ.

ಚೀಟಿಯ ಪ್ರಕಾರ 510 ಕೆ.ಜಿ. ಪುಡಿಗೆ 148 ಲೀಟರ್ ನೀರು. ಭಾಗಿಸಿದರೆ 0.29. ಎಂ60ರ ಜೀವ ಇರುವುದು ಈ ಅಂಕಿಯಲ್ಲಿ. ಒಂದು ಬಕೆಟ್ 15 ಲೀಟರ್ ಅಂದುಕೊಂಡರೆ ಎರಡಕ್ಕೆ 30 ಲೀಟರ್. ಗಾಡಿಯಲ್ಲಿದ್ದದ್ದು 4 ಘನ ಮೀಟರ್. ಅಂದರೆ ಘನ ಮೀಟರ್‌ಗೆ ಏಳೂವರೆ ಲೀಟರ್ ಹೆಚ್ಚಾಯಿತು. 0.29 ಇದ್ದದ್ದು 0.305 ಆಯಿತು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಈ ದರ್ಜೆಯಲ್ಲಿ ಅದಕ್ಕೆ ಸುಮಾರು ಮೂರು ನಾಲ್ಕು ನ್ಯೂಟನ್ ಬಲ ಹೋಗುತ್ತದೆ. ಮೊದಲ ಗಾಡಿಯೇ ಅಂಚಿನಲ್ಲಿ ನಿಂತಿರುವಾಗ ಎರಡನೇ ಗಾಡಿ ಅಂಚಿನಿಂದ ಕೆಳಗೆ ಇರುವ ಸಾಧ್ಯತೆ ಇದೆ.

ಅದಕ್ಕಿಂತ ಕಷ್ಟದ ವಿಷಯ ಏನೆಂದರೆ, ಎರಡನೇ ಗಾಡಿಯಿಂದ ಒಂದು ಕ್ಯೂಬ್ ಕೂಡ ಇಲ್ಲ. 6ರಿಂದ 15 ಘನ ಮೀಟರ್‌ವರೆಗಿನ ಕೆಲಸಕ್ಕೆ ಕನಿಷ್ಠ ಎರಡು ಸ್ಯಾಂಪಲ್ ತೆಗೆಯಬೇಕು ಅಂತ ಐಎಸ್ 456ರಲ್ಲೇ ಇದೆ. ಒಂದು ಸ್ಯಾಂಪಲ್ ಅಂದರೆ ಒಂದು ವಯಸ್ಸಿಗೆ ಮೂರು ಕ್ಯೂಬ್. ನಿಮ್ಮದು 8 ಘನ ಮೀಟರ್. ಅಂದರೆ ಅರ್ಧ ಪಿಲ್ಲರ್‌ಗಳಿಗೆ ಸಾಕ್ಷಿಯೇ ಇಲ್ಲ. ನೀವು ಇಷ್ಟು ದಿನ ಚಿಂತೆ ಮಾಡಿದ್ದು ಸಾಕ್ಷಿ ಇರುವ ಪಿಲ್ಲರ್‌ಗಳ ಬಗ್ಗೆ.

ಮೇಸ್ತ್ರಿ ಬೇಕೆಂದು ಮಾಡಿದ್ದಲ್ಲ. ಎಂ20ರಲ್ಲಿ ಕೈ ಪಳಗಿದವರು ಇಂಥ ಕಾಂಕ್ರೀಟನ್ನು ನೋಡಿದರೆ ಒಣಗಿಹೋಗಿದೆ ಅಂದುಕೊಳ್ಳುತ್ತಾರೆ. ಗಟ್ಟಿಯಾಗಿ ಕಂಡರೆ ಅದಕ್ಕೆ ಮದ್ದು ನೀರಲ್ಲ, ಅಡ್‌ಮಿಕ್ಸ್ಚರ್, ಅಂದರೆ ನೀರು ಹೆಚ್ಚಿಸದೆ ಕಾಂಕ್ರೀಟನ್ನು ಮೆತ್ತಗೆ ಮಾಡುವ ರಾಸಾಯನಿಕ. ಪ್ಲಾಂಟ್‌ನವರು ಅದನ್ನು ಒಂದು ಕ್ಯಾನ್‌ನಲ್ಲಿ ಗಾಡಿಯ ಜೊತೆ ಕಳಿಸಿ, ತಮ್ಮ ಹುಡುಗನ ಕೈಯಲ್ಲೇ ಅಳೆದು ಹಾಕಿಸಬೇಕು. ಡ್ರಮ್ ಚೆನ್ನಾಗಿ ತಿರುಗಿಸಿ ಮೆತ್ತಗಾದ ಮೇಲೆ ಇಳಿಸಬೇಕು. ಇದನ್ನು ಮೊದಲೇ ಹೇಳಿ ಕೊಡಬೇಕಾದವರು ಯಾರೂ ಸೈಟ್‌ನಲ್ಲಿ ಇರಲಿಲ್ಲ ಅಂತ ಕಾಣುತ್ತದೆ.

ಬಕೆಟ್ ನೀರು ಎಲ್ಲಿಂದ ಬಂತು ಅಂತಲೂ ಕೇಳಿ ನೋಡಿ. ಡಿಸೆಂಬರ್ ಅಂದರೆ ನಿಮ್ಮ ಕಡೆ ಕಾಫಿ ಕೊಯ್ಲು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಕಾಲ. ತೋಟದ ಹೊಂಡದಿಂದ ಟ್ಯಾಂಕರ್ ತುಂಬಿಸಿ ಸೈಟಿಗೆ ತರುವುದನ್ನು ನಾನು ನೋಡಿದ್ದೇನೆ. ಪಲ್ಪರ್ ತೊಳೆದ ನೀರು ಸೇರಿದ ಹೊಂಡವಾದರೆ ಅದರಲ್ಲಿ ಹುಳಿ ಇರುತ್ತದೆ, ಸಕ್ಕರೆ ಅಂಶ ಇರುತ್ತದೆ. ಸಿಮೆಂಟ್ ತೂಕದ ಸಾವಿರದಲ್ಲಿ ಒಂದು ಪಾಲು ಸಕ್ಕರೆ ಸೇರಿದರೂ ಸಿಮೆಂಟ್ ಹಿಡಿಯುವುದು ಎಷ್ಟೋ ಗಂಟೆ ತಡವಾಗುತ್ತದೆ. ಮಾರನೇ ದಿನ ಶೀಟ್ ಬಿಚ್ಚಿದಾಗ ಎರಡನೇ ಗಾಡಿಯ ಪಿಲ್ಲರ್‌ಗಳೂ ಮೊದಲಿನವಷ್ಟೇ ಗಟ್ಟಿ ಇದ್ದರೆ ಈ ಅನುಮಾನ ಬಿಟ್ಟುಬಿಡಿ. ಕ್ಯೂರಿಂಗ್‌ಗೂ, ಅಂದರೆ ಹಾಕಿದ ಕಾಂಕ್ರೀಟನ್ನು ನೆನೆಸಿಡುವುದಕ್ಕೂ ಅಂಥ ನೀರು ಬೇಡ.

ನಾಳೆ ಬೆಳಿಗ್ಗೆ ಮಾಡಬೇಕಾದದ್ದು ಹೇಳುತ್ತೇನೆ. ಉಳಿದ ಮೂರು ಕ್ಯೂಬ್‌ಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಿಸಿ ಹಿಡಿತದಲ್ಲಿಡುವ ಟ್ಯಾಂಕ್ ಇರುವ ಲ್ಯಾಬ್‌ಗೆ ಸಾಗಿಸಿ. ಸಿವಿಲ್ ವಿಭಾಗ ಇರುವ ಎಂಜಿನಿಯರಿಂಗ್ ಕಾಲೇಜುಗಳು ಚಿಕ್ಕಮಗಳೂರಿನಲ್ಲೂ ಹಾಸನದಲ್ಲೂ ಇವೆ, ಅಲ್ಲಿ ವಿಚಾರಿಸಿ. ಆ ಮೂರನ್ನೂ 28ನೇ ದಿನಕ್ಕೇ ಒಡೆಸಿ. ಮಧ್ಯೆ ಕುತೂಹಲಕ್ಕೆ ಒಂದನ್ನು ಒಡೆಸಬೇಡಿ, ಮೂರು ಸೇರಿದರೇ ಒಂದು ಸ್ಯಾಂಪಲ್.

ಆಮೇಲೆ ಪ್ಲಾಂಟ್‌ನಿಂದ ಎರಡೂ ಗಾಡಿಯ ಬ್ಯಾಚ್ ಶೀಟ್ ತರಿಸಿ. ಡಿಸೈನ್ ಚೀಟಿ ಅಲ್ಲ, ಆ ದಿನ ಯಂತ್ರ ತೂಗಿದ ಪ್ರಿಂಟ್. ಅದರಲ್ಲಿ ಎಂ ಸ್ಯಾಂಡ್‌ನ ತೇವ ಎಷ್ಟು ಹಿಡಿದಿದ್ದಾರೆ ನೋಡಿ. ತೊಳೆದ ಎಂ ಸ್ಯಾಂಡ್‌ನಲ್ಲಿ ನೂರಕ್ಕೆ 4ರಷ್ಟು ತೇವ ಇದ್ದು, ಅದನ್ನು ಲೆಕ್ಕಕ್ಕೆ ಹಿಡಿಯದೇ ಬಿಟ್ಟಿದ್ದರೆ, ಒಂದು ಘನ ಮೀಟರ್‌ನ 700 ಕೆ.ಜಿ. ಮರಳಿನ ಜೊತೆ 28 ಲೀಟರ್ ನೀರು ಕಳ್ಳನ ಹಾಗೆ ಒಳಗೆ ಬಂದಿರುತ್ತದೆ. ಬಕೆಟ್‌ಗಿಂತ ಅದೇ ದೊಡ್ಡದು. ಮೊದಲ ಗಾಡಿಯ 36.8ಕ್ಕೆ ಚಳಿಯ ಜೊತೆ ಇದೂ ಕಾರಣ ಆಗಿರಬಹುದು.

ಮತ್ತೆ, ಆ 340 ಕೆ.ಜಿ. ಸಿಮೆಂಟ್ ಒಪಿಸಿಯೋ (ಬೂದಿ ಬೆರೆಸದ ಸಾದಾ ಸಿಮೆಂಟ್) ಪಿಪಿಸಿಯೋ ಅಂತ ಬರೆಸಿಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಬಹಳ ವರ್ಷದ ಹಿಂದೆ ಸಕಲೇಶಪುರದ ಕಡೆ ಒಂದು ಗೋದಾಮಿನ ಕೆಲಸಕ್ಕೆ ನನ್ನನ್ನು ಕರೆದಿದ್ದರು. 28 ದಿನ ಆದರೂ ಬಲ ಬಂದಿರಲಿಲ್ಲ, 56 ದಿನ ಕಾದರೂ ಬರಲಿಲ್ಲ. ಡಿಸೈನ್‌ನಲ್ಲಿ ನೂರಕ್ಕೆ 25 ಹಾರುಬೂದಿ ಬರೆದಿತ್ತು, ಅದರಲ್ಲಿ ತಪ್ಪಿರಲಿಲ್ಲ. ಆದರೆ ಸೈಟ್‌ನವರು ಒಪಿಸಿ ಬದಲು ಪಿಪಿಸಿ ತಂದಿದ್ದರು. ಅದರೊಳಗೆ ಆಗಲೇ ಸುಮಾರು 30 ಬೂದಿ ಇತ್ತು. ಎರಡೂ ಸೇರಿ ನಿಜವಾದ ಸಿಮೆಂಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಸುಣ್ಣ ಕೊಡುವವರೇ ಕಡಿಮೆಯಾದರೆ ಬೂದಿ ಯಾರ ಜೊತೆ ಕೂಡಬೇಕು? ಕೊನೆಗೆ ಪಿಲ್ಲರ್‌ಗಳಿಗೆ ಸುತ್ತ ಹೊಸ ಕಂಬಿ, ಹೊಸ ಕಾಂಕ್ರೀಟಿನ ಕವಚ ಹಾಕಬೇಕಾಯಿತು. ಯಾರೂ ಮೋಸ ಮಾಡಿರಲಿಲ್ಲ. ಮೂಟೆಯ ಮೇಲಿನ ಮೂರು ಅಕ್ಷರ ಯಾರೂ ಓದಿರಲಿಲ್ಲ ಅಷ್ಟೇ. ಆ ಮಾಲೀಕರ ಮುಖ ನನಗೆ ಇನ್ನೂ ನೆನಪಿದೆ.

ಸ್ಲ್ಯಾಗ್‌ನ ಟೆಸ್ಟ್ ಸರ್ಟಿಫಿಕೇಟ್ ಕೂಡ ಕೇಳಿ. ಗಾಜಿನ ಅಂಶ ನೂರಕ್ಕೆ 85ಕ್ಕಿಂತ ಕಡಿಮೆ ಇರಬಾರದು. ಮೈಕ್ರೋಸಿಲಿಕಾ ಯಾವಾಗ ಹಾಕಿದರು, ಎಷ್ಟು ಹೊತ್ತು ಕಲೆಸಿದರು ಅಂತಲೂ ವಿಚಾರಿಸಿ. ಚೀಲದಲ್ಲಿ ಅದು ಸಣ್ಣ ಉಂಡೆ ಉಂಡೆಯಾಗಿ ಬರುತ್ತದೆ. ಜಲ್ಲಿಯ ಜೊತೆ ಚೆನ್ನಾಗಿ ಉಜ್ಜಿ ಕಲೆಸದಿದ್ದರೆ ಆ ಉಂಡೆ ಉಂಡೆಯಾಗೇ ಉಳಿದು, ದುಬಾರಿ ಸಾಮಾನು ದಂಡವಾಗುತ್ತದೆ.

ಕ್ಯೂರಿಂಗ್ ನಿಲ್ಲಿಸಿದ್ದರೆ ಇವತ್ತೇ ಮತ್ತೆ ಶುರು ಮಾಡಿ. ನಿಮ್ಮ ಕಡೆ ಒಂದು ಮಾತು ಕೇಳಿದ್ದೇನೆ: 'ಬೆಳಿಗ್ಗೆ ಇಷ್ಟು ಮಂಜು ಬಿದ್ದಿದೆ, ನೀರು ಯಾಕೆ?' ಮಂಜು ಮೈ ಒದ್ದೆ ಮಾಡುತ್ತದೆ, ಹತ್ತು ಗಂಟೆಗೆ ಆರುತ್ತದೆ. ಮಧ್ಯಾಹ್ನದ ಒಣ ಗಾಳಿ ಉಳಿದದ್ದನ್ನೂ ಎಳೆದುಕೊಳ್ಳುತ್ತದೆ. ಒಪಿಸಿಗೆ 7 ದಿನ ಸಾಕು ಅನ್ನುವ ಮಾನಕವೇ, ಸ್ಲ್ಯಾಗ್ ಅಥವಾ ಬೂದಿ ಇದ್ದರೆ ಕನಿಷ್ಠ 10 ದಿನ, ಆದರೆ 14 ದಿನ ಅನ್ನುತ್ತದೆ. ನಾನು ಚಳಿಗಾಲದಲ್ಲಿ 21 ದಿನ ಮಾಡಿಸುತ್ತೇನೆ. ಪಿಲ್ಲರ್‌ಗೆ ದಪ್ಪ ಗೋಣಿ ಸುತ್ತಿ, ನೆನೆಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ನೀರೂ ಉಳಿಯುತ್ತದೆ, ಬಿಸಿಯೂ ಉಳಿಯುತ್ತದೆ. ಇಂಥ ಕಾಂಕ್ರೀಟ್ ಒಳಗೆ ಇರುವ ನೀರೇ ಕಡಿಮೆ. ಮೊದಲ ಕೆಲವು ದಿನ ಹೊರಗಿನ ನೀರು ಎಷ್ಟು ಒಳಗೆ ಹೋಯಿತೋ ಅಷ್ಟೇ ಲಾಭ, ಆಮೇಲೆ ಸಂದುಗಳು ಮುಚ್ಚಿಕೊಳ್ಳುತ್ತವೆ. ಹನ್ನೊಂದು ದಿನ ಆದ ಮೇಲೆ ಲಾಭ ಕಡಿಮೆ, ಆದರೂ ಮೈಪದರಕ್ಕೆ ಬೇಕು. ಕಂಬಿಯನ್ನು ಕಾಯುವುದು ಆ ಪದರವೇ. ಸ್ಲ್ಯಾಗ್ ಸುಣ್ಣವನ್ನು ತಿಂದುಕೊಳ್ಳುವುದರಿಂದ, ಕ್ಯೂರಿಂಗ್ ಕೆಟ್ಟರೆ ಗಾಳಿ ಬೇಗ ಒಳಗೆ ಹೋಗಿ ತುಕ್ಕಿಗೆ ದಾರಿ ಆಗುತ್ತದೆ. ಈ ಸಾಮಗ್ರಿಗಳ ನಿಜವಾದ ಅಪಾಯ ಅಂತ ಒಂದಿದ್ದರೆ ಅದು ಇದೇ. ಇವು ಅಸಡ್ಡೆಯನ್ನು ಸಹಿಸುವುದಿಲ್ಲ.

ಇನ್ನು ಎರಡನೇ ಗಾಡಿಯ ಪಿಲ್ಲರ್‌ಗಳು. ಯಾವ ಗಾಡಿ ಯಾವ ಪಿಲ್ಲರ್‌ಗೆ ಹೋಯಿತು ಅಂತ ಮೇಸ್ತ್ರಿ, ವೈಬ್ರೇಟರ್ ಹಿಡಿದವರು, ಎಲ್ಲರನ್ನೂ ಕೂರಿಸಿಕೊಂಡು ನೆನಪು ಇರುವಾಗಲೇ ಬರೆದಿಡಿ. ಅರ್ಧ ಮೊದಲ ಗಾಡಿ, ಅರ್ಧ ಎರಡನೇ ಗಾಡಿಯಲ್ಲಿ ತುಂಬಿದ ಪಿಲ್ಲರ್ ಇದ್ದರೆ ಅದನ್ನೂ ಗುರುತು ಮಾಡಿ. 28ನೇ ದಿನ ಎಂಟೂ ಪಿಲ್ಲರ್‌ಗೆ ರಿಬೌಂಡ್ ಹ್ಯಾಮರ್ (ಮೈಗೆ ಬಡಿದು ಪುಟಿತ ಅಳೆಯುವುದು) ಮತ್ತು ಅಲ್ಟ್ರಾಸೋನಿಕ್ (ಒಳಗೆ ಶಬ್ದದ ಅಲೆ ಹಾಯಿಸಿ ವೇಗ ನೋಡುವುದು) ಪರೀಕ್ಷೆ ಮಾಡಿಸಿ. ಹ್ಯಾಮರ್ ಅಂಕಿಯಿಂದ ಇದು 60, ಇದು 55 ಅಂತ ನೇರವಾಗಿ ಓದಬೇಡಿ. ಅದು ಮೈಯನ್ನಷ್ಟೇ ನೋಡುತ್ತದೆ. ಆದರೆ ಒಂದೇ ಡಿಸೈನ್, ಒಂದೇ ವಯಸ್ಸು, ಒಂದೇ ಅಚ್ಚಿನ ಶೀಟ್. ಹಾಗಾಗಿ ಮೊದಲ ಗುಂಪಿನ ಜೊತೆ ಎರಡನೇ ಗುಂಪನ್ನು ಹೋಲಿಸಲು ಬಹಳ ಚೆನ್ನಾಗಿ ಬರುತ್ತದೆ. ಮೊದಲನೆಯವಕ್ಕೆ ಕ್ಯೂಬ್ ಸಾಕ್ಷಿ ಇದೆ, ಎರಡನೆಯವು ಅವಕ್ಕಿಂತ ಎಷ್ಟು ಹಿಂದೆ ಅಂತ ಇದರಿಂದ ತಿಳಿಯುತ್ತದೆ.

ಅದರಲ್ಲೂ ಅನುಮಾನ ಉಳಿದರೆ ಕೋರ್ ತೆಗೆಯಬೇಕು, ಅಂದರೆ ಪಿಲ್ಲರ್‌ನಿಂದಲೇ ಉರುಳೆಯಾಕಾರದ ತುಂಡು ಕೊರೆದು ತೆಗೆದು ಒಡೆಸಬೇಕು. ಕನಿಷ್ಠ ಮೂರು. ಅವುಗಳ ಸರಾಸರಿ ದರ್ಜೆಯ ನೂರಕ್ಕೆ 85, ಅಂದರೆ 51 ಬರಬೇಕು. ಯಾವ ಒಂದೂ 75, ಅಂದರೆ 45ಕ್ಕಿಂತ ಕೆಳಗೆ ಹೋಗಬಾರದು. ಕೋರ್‌ಗೆ ಅವಸರ ಬೇಡ ಅನ್ನುವುದು ನನ್ನ ಅಭಿಪ್ರಾಯ. ತೆಳ್ಳಗಿನ ಪಿಲ್ಲರ್, ಒತ್ತೊತ್ತಾಗಿ ಕಂಬಿ. ಕಂಬಿ ಹುಡುಕುವ ಯಂತ್ರ ಇಟ್ಟುಕೊಳ್ಳದೆ ಕೊರೆದರೆ ಮುಖ್ಯ ಕಂಬಿಯೇ ತುಂಡಾಗಬಹುದು. ಆಗ ಇಲ್ಲದ ಕಾಯಿಲೆ ನಾವೇ ತಂದುಕೊಂಡ ಹಾಗೆ. ತೆಗೆದ ತೂತನ್ನು ಕುಗ್ಗದ ಗ್ರೌಟ್‌ನಿಂದ ಅವತ್ತೇ ತುಂಬಬೇಕು.

ಅಲ್ಲಿಯವರೆಗೆ ಕೆಲಸ ನಿಲ್ಲಿಸಬೇಕಾ? ಇದನ್ನು ನಿಮ್ಮ ಡಿಸೈನ್ ಎಂಜಿನಿಯರ್ ಹೇಳಬೇಕು. ಈಗ ಪಿಲ್ಲರ್ ಮೇಲೆ ಬರುವ ಭಾರ ಪೂರ್ತಿ ಕಟ್ಟಡದ ಭಾರದ ಒಂದು ಸಣ್ಣ ಪಾಲು. ಹಾಗಾಗಿ ಮೊದಲ ಸ್ಲ್ಯಾಬ್‌ನ ಸೆಂಟ್ರಿಂಗ್ ಕೆಲಸ ನಡೆಸಲು ಅವರು ಒಪ್ಪಬಹುದು. ಆದರೆ ನಾನಾಗಿದ್ದರೆ 28ನೇ ದಿನದ ರಿಸಲ್ಟ್ ಬರುವವರೆಗೆ ಸ್ಲ್ಯಾಬ್ ಕಾಂಕ್ರೀಟ್ ಹಾಕಿಸುತ್ತಿರಲಿಲ್ಲ. ಸ್ಲ್ಯಾಬ್ ಬಿದ್ದ ಮೇಲೆ ಪಿಲ್ಲರ್ ಸರಿ ಮಾಡುವ ಖರ್ಚು ಬೇರೆಯೇ ಲೆಕ್ಕ. ಎರಡೂವರೆ ವಾರ ಕೂಲಿಯವರನ್ನು ಬೇರೆ ಕೆಲಸಕ್ಕೆ ಹಚ್ಚಿ. ಗೋಡೆಯ ಪಾಯ, ಸಂಪ್, ಏನಾದರೂ ಇದ್ದೇ ಇರುತ್ತದೆ.

ರಿಸಲ್ಟ್ 64ರ ಮೇಲೆ ಬಂದು, ಹ್ಯಾಮರ್‌ನಲ್ಲಿ ಎಂಟೂ ಸರಿಸಮ ಇದ್ದರೆ ಮುಂದುವರಿಯಿರಿ. 58, 60ರ ಹತ್ತಿರ ನಿಂತರೂ ಒಡೆಯುವ ಮಾತು ಬೇಡ. ಸ್ಲ್ಯಾಗ್ ಇರುವ ಕಾಂಕ್ರೀಟ್ 28 ದಿನದ ಮೇಲೂ ಬೆಳೆಯುತ್ತದೆ. 56ನೇ ದಿನಕ್ಕೆ ಇನ್ನೂ ಸ್ವಲ್ಪ ಸಿಗುತ್ತದೆ. ಎಂಜಿನಿಯರ್ ಸಿಕ್ಕ ಬಲವನ್ನೇ ಇಟ್ಟುಕೊಂಡು ಒಂದೊಂದು ಪಿಲ್ಲರ್‌ನ ಲೆಕ್ಕ ಮತ್ತೆ ಮಾಡಲಿ. ಎಂಟರಲ್ಲಿ ಎಲ್ಲವೂ ಅಷ್ಟೇ ಭಾರ ಹೊರುವುದಿಲ್ಲ, ಮೂಲೆಯವಕ್ಕೆ ಕಡಿಮೆ ಇರುತ್ತದೆ. 50ಕ್ಕಿಂತ ಕೆಳಗೆ ಬಂದರೆ ಮಾತ್ರ ಕವಚ ಹಾಕುವ ಯೋಚನೆ. ಆಗ ಪಿಲ್ಲರ್ ದಪ್ಪ ಆಗುತ್ತದೆ, ನಿಮಗೆ ಬೇಡವಾಗಿದ್ದದ್ದು ಅದೇ. ಬೇಜಾರಾಗುತ್ತದೆ, ಆದರೆ ಕಟ್ಟಡ ನಿಲ್ಲುತ್ತದೆ. ಪೂರ್ತಿ ಒಡೆದು ಮತ್ತೆ ಹಾಕುವುದನ್ನು ನಾನು ಕೊನೆಗೆ ಇಡುತ್ತೇನೆ. ಬ್ರೇಕರ್‌ನ ಅದುರಿಗೆ ಕೆಳಗಿನ ಪಾಯದ ಕಂಬಿಯ ಹಿಡಿತ ಸಡಿಲ ಆಗುವ ಭಯ ಇದೆ.

ಮೇಲಿನ ಮಹಡಿಯ ಪಿಲ್ಲರ್‌ಗೂ ಹೆಚ್ಚು ಬಲದ ಕಾಂಕ್ರೀಟ್ ಬೇಕಿದ್ದರೆ ಈಗಲೇ ಪ್ಲಾಂಟ್‌ನವರ ಜೊತೆ ಕೂತು ಮಾತಾಡಿ. ಚಳಿ ಮುಗಿಯುವವರೆಗೆ ಸ್ಲ್ಯಾಗನ್ನು 140ರಿಂದ 90, 100ಕ್ಕೆ ಇಳಿಸಿ, ಸಿಮೆಂಟ್ ಅಷ್ಟು ಏರಿಸಬಹುದು. ಬೇಗ ಬಲ ಬರುತ್ತದೆ, ಬಿಸಿ ಸ್ವಲ್ಪ ಜಾಸ್ತಿ, 450ರ ಗೆರೆ ದಾಟುವುದಿಲ್ಲ. ಸ್ಲ್ಯಾಗ್ ಪೂರ್ತಿ ತೆಗೆದು ಸಿಮೆಂಟ್, ಮೈಕ್ರೋಸಿಲಿಕಾ ಎರಡೇ ಇಡೋಣ ಅಂದರೆ ಒಪ್ಪಬೇಡಿ, ಕುಗ್ಗಿ ಬಿರಿಯುವುದು ಜಾಸ್ತಿ. ಮೈಕ್ರೋಸಿಲಿಕಾ ಬದಲು ಮೆಟಕಯೋಲಿನ್ ಕೊಡುತ್ತೇವೆ ಅಂದರೆ ಹೆದರಬೇಡಿ. ಅದು ಬಿಳಿ ಜೇಡಿಯನ್ನು ಹದವಾಗಿ ಸುಟ್ಟ ಪುಡಿ, ಸುರ್ಕಿಯ ಹತ್ತಿರದ ನೆಂಟ. ಆದರೆ ಟ್ರಯಲ್ ಕ್ಯೂಬ್ ನೋಡದೆ ಒಪ್ಪಬೇಡಿ. ಯಾವುದೇ ಬದಲಾವಣೆ ಇರಲಿ, ನಿಮ್ಮದೇ ಜಲ್ಲಿ, ನಿಮ್ಮದೇ ಎಂ ಸ್ಯಾಂಡ್‌ನಲ್ಲಿ ಟ್ರಯಲ್ ಆಗಬೇಕು. ಪ್ರತಿ ಗಾಡಿಯಿಂದ 9 ಕ್ಯೂಬ್ ತೆಗೆಯಿರಿ. 7, 28, 56ನೇ ದಿನಕ್ಕೆ ಮೂರು ಮೂರು. ಗಾಡಿ ಬರುವ ದಿನ ಪ್ಲಾಂಟ್‌ನ ಒಬ್ಬ ಹುಡುಗ ಅಡ್‌ಮಿಕ್ಸ್ಚರ್ ಕ್ಯಾನ್ ಹಿಡಿದು ಸೈಟ್‌ನಲ್ಲಿ ಇರಲಿ. ಬಕೆಟ್‌ಗಳನ್ನು ಅವತ್ತು ಕೋಣೆಯೊಳಗೆ ಇಟ್ಟು ಬೀಗ ಹಾಕಿ. ಮೇಸ್ತ್ರಿಗೆ ಈ ಪತ್ರ ಓದಿ ಹೇಳಿ, ಅವರನ್ನು ದೂರ ಇಡಬೇಡಿ. ಕಾಂಕ್ರೀಟ್ ಕೊನೆಗೆ ತುಂಬುವುದು ಅವರ ಕೈಯೇ.

ಬ್ಯಾಚ್ ಶೀಟ್ ಸಿಕ್ಕ ಕೂಡಲೇ ನನಗೆ ಕಳಿಸಿ, 28ನೇ ದಿನದವರೆಗೆ ಕಾಯಬೇಡಿ. ಮರಳಿನ ತೇವದ ಅಂಕಿ ಮೊದಲು ನೋಡಬೇಕು.